ಯಾರೂ ಹಾಕದ ಮದ್ದು

ನನ್ನ ಎಡಗೈ ಮೇಲೆ ಹಲ್ಲಿನ ಗುರುತೊಂದು ಇನ್ನೂ ಇದೆ. ಕೇಳಿದವರಿಗೆಲ್ಲ ನಾಯಿ ಕಚ್ಚಿತು ಎಂದು ಹೇಳಿ ಮುಗಿಸುತ್ತೇನೆ. ಕಚ್ಚಿದ್ದು ಮನುಷ್ಯ. ಅದೂ ನನ್ನೆದುರು ಕುರ್ಚಿಯ ತುದಿಯಲ್ಲಿ ಕೂತು ‘ಹೂಂ ಮೇಡಂ’ ಎನ್ನುವುದಕ್ಕೂ ಸಂಕೋಚಪಡುತ್ತಿದ್ದ ನನ್ನ ಹಳೆಯ ರೋಗಿ, ಭೀಮನಬೀಡಿನ ಅರಿಶಿನ ಬೆಳೆಗಾರ. ಖಿನ್ನತೆಗೆ ನನ್ನ ಹತ್ತಿರ ಮಾತ್ರೆ ತೆಗೆದುಕೊಳ್ಳುತ್ತಿದ್ದವನು ಕೆಲವು ತಿಂಗಳಿಂದ ಆಸ್ಪತ್ರೆಯ ಕಡೆ ತಲೆ ಹಾಕಿರಲಿಲ್ಲ.

ನಾನು ಚಾಮರಾಜನಗರದ ಆಸ್ಪತ್ರೆಯೊಂದರಲ್ಲಿ ಮನೋವೈದ್ಯೆ. ಹುಟ್ಟಿ ಬೆಳೆದದ್ದು ಗುಂಡ್ಲುಪೇಟೆಯಲ್ಲಿ. ಬಾಯಿ ಸ್ವಲ್ಪ ಜೋರು ಎಂದು ಸಹೋದ್ಯೋಗಿಗಳೂ ಹೇಳುತ್ತಾರೆ, ಮನೆಯವರೂ ಹೇಳುತ್ತಾರೆ. ಆ ವಾರ ಮಾತ್ರ ಅದು ಜೋರಾಗಿದ್ದದ್ದೇ ಒಳ್ಳೆಯದಾಯಿತು.

ಬೆಳಗಿನ ಓಪಿಡಿ ಇನ್ನೂ ಶುರುವಾಗಿರಲಿಲ್ಲ. ತುರ್ತು ಚಿಕಿತ್ಸೆಯ ಕೋಣೆಯಿಂದ ಗಾಜು ಒಡೆದ ಸದ್ದು ಬಂತು. ಹೋಗಿ ನೋಡಿದರೆ ಔಷಧದ ಬೀರುವಿನ ಬಾಗಿಲು ಚೂರಾಗಿತ್ತು. ಸೆಕ್ಯೂರಿಟಿಯಾತ ನೆಲದ ಮೇಲೆ ಕೂತು ಮೂಗು ಹಿಡಿದುಕೊಂಡಿದ್ದ, ಬೆರಳ ಸಂದಿಯಿಂದ ರಕ್ತ ಸುರಿಯುತ್ತಿತ್ತು. ಕೋಣೆಯ ನಡುವೆ ನನ್ನ ರೋಗಿ ಒಂದು ಕೈಯಲ್ಲಿ ಗ್ಲೂಕೋಸ್ ಸ್ಟ್ಯಾಂಡು ಬೀಸುತ್ತಾ, ಇನ್ನೊಂದು ಕೈಯಲ್ಲಿ ತನ್ನ ಎದೆಯನ್ನೇ ಪರಚಿಕೊಳ್ಳುತ್ತಿದ್ದ. ಮೈಮೇಲೆ ಅಂಗಿ ಇರಲಿಲ್ಲ. ಊರಿನಿಂದ ಕಟ್ಟಿ ತಂದಿದ್ದ ಹಗ್ಗದ ತುಂಡು ಮಣಿಕಟ್ಟಿನಲ್ಲಿ ನೇತಾಡುತ್ತಿತ್ತು.

“ಚರ್ಮ ಬುಚ್ಚಿ, ಬುಚ್ಚಿ ಅಂತೀನಿ. ಒಳಗವ್ನೆ ಅವ್ನು. ಉಸಿರು ಕಟ್ತಾ ಅದೆ ಅವ್ನಿಗೆ,” ಎಂದು ಕೂಗುತ್ತಿದ್ದ. ಎದೆ ತುಂಬಾ ಉಗುರಿನ ಗೀರು. ಕೊರಳು ಬೋಳಾಗಿತ್ತು. ಯಾವಾಗಲೂ ಅಂಗಿಯೊಳಗಿಂದ ಇಣುಕುತ್ತಿದ್ದ ಇಷ್ಟಲಿಂಗದ ದಾರ ಕಾಣಲಿಲ್ಲ. ಎಳೆದಾಟದಲ್ಲಿ ಕಿತ್ತುಹೋಗಿರಬೇಕು ಎಂದುಕೊಂಡೆ.

ಬಾಗಿಲಲ್ಲಿ ಅವನ ತಮ್ಮ ನಿಂತಿದ್ದ. ಹಣೆಗೆ ಟವೆಲ್ ಒತ್ತಿ ಹಿಡಿದಿದ್ದ, ಟವೆಲ್ ಪೂರ್ತಿ ಕೆಂಪಾಗಿತ್ತು. “ಅರಿಶ್ಣ ಬೇಯಿಸ್ತಿದ್ದೋ ಮೇಡಂ. ಕುದಿಯೋ ಕಡಾಯಿ ಒಳಕ್ಕೆ ಕಾಲಿಡಕೋದ. ತಣ್ಣಗದೆ ಬಾ ಕಣ್ಲಾ ಅಂತ ನನ್ನೂ ಎಳ್ದ. ತಬ್ಬಿ ಹಿಡ್ಕಂಡ್ರೆ ಸೌದೆ ತಗದು ತಲೇಗೇ ಬುಟ್ಟ.”

ಹಿಂಸೆಗಿಳಿದ ರೋಗಿಯನ್ನು ಹಿಡಿಯುವುದಕ್ಕೂ ಒಂದು ಕ್ರಮವಿದೆ. ನಾಲ್ಕು ಜನ ನಾಲ್ಕು ಕೈಕಾಲು, ಐದನೆಯವರು ತಲೆ. ಬೋರಲು ಕೆಡವಬಾರದು, ಎದೆಯ ಮೇಲೆ ಯಾರೂ ಕೂರಬಾರದು, ಉಸಿರು ಕಟ್ಟುತ್ತದೆ. ಇದನ್ನೆಲ್ಲ ಸಿಬ್ಬಂದಿಗೆ ನಾನೇ ಹೇಳಿಕೊಟ್ಟಿದ್ದೆ. ಆ ಹೊತ್ತಿನಲ್ಲಿ ಯಾರಿಗೂ ಒಂದೂ ನೆನಪಾಗಲಿಲ್ಲ. ಸ್ಟ್ಯಾಂಡು ಗೋಡೆಗೆ ಬಡಿದು ಕೈಜಾರಿದ ಕೂಡಲೇ ಎಲ್ಲರೂ ಒಟ್ಟಿಗೆ ಮೇಲೆ ಬಿದ್ದರು. ನಾನು ತಲೆ ಹಿಡಿಯಲು ಹೋದೆ. ಆಗಲೇ ಅವನು ನನ್ನ ಮುಂಗೈಗೆ ಬಾಯಿ ಹಾಕಿದ್ದು. ಕಚ್ಚಿದವನ ಬಾಯಿಂದ ಕೈ ಎಳೆದುಕೊಳ್ಳಬಾರದು, ಮಾಂಸ ಹರಿಯುತ್ತದೆ. ಕೈಯನ್ನು ಅವನ ಬಾಯಿಯ ಕಡೆಗೇ ಒತ್ತಬೇಕು, ಆಗ ದವಡೆ ಸಡಿಲವಾಗುತ್ತದೆ. ಒತ್ತಿದೆ. ಸಡಿಲವಾಗುವಷ್ಟರಲ್ಲಿ ನನ್ನ ಕಣ್ಣಲ್ಲಿ ನೀರು ಬಂದಿತ್ತು, ಬಾಯಲ್ಲಿ ಬರಬಾರದ ಮಾತೂ ಬಂದಿತ್ತು.

ಮಂಚಕ್ಕೆ ಹಾಕಿ ಬೆಡ್‌ಶೀಟಿನಲ್ಲಿ ಕೈಕಾಲು ಕಟ್ಟಿಸಿದೆ. ಕಣ್ಣಿನ ಪಾಪೆ ಅಗಲವಾಗಿ ಹರಡಿಕೊಂಡಿತ್ತು, ನಾಡಿ ಓಡುತ್ತಿತ್ತು, ರಕ್ತದೊತ್ತಡ ಏರಿತ್ತು. ಹೆಂಡದ ವಾಸನೆ ಇರಲಿಲ್ಲ. ನಮ್ಮ ಕಡೆ ಇಂಥ ರೋಗಿ ಬಂದರೆ ಮೊದಲು ದತ್ತೂರಿಯ ಅನುಮಾನ ಬರುತ್ತದೆ. ದತ್ತೂರಿ ಹೊಟ್ಟೆಗೆ ಹೋದವರ ಮೈ ಒಣಗಿ ಸುಡುತ್ತಿರುತ್ತದೆ, ನಾಲಿಗೆ ಅಂಟುತ್ತದೆ. ಇವನ ಮೈಯಿಂದ ಬೆವರು ಇಳಿಯುತ್ತಿತ್ತು. ಪಾದವನ್ನು ಮೇಲಕ್ಕೆ ಒತ್ತಿ ಹಿಡಿದು ನೋಡಿದೆ, ತಾನಾಗಿ ಅದುರುತ್ತಿರಲಿಲ್ಲ. ಹಳೆಯ ಮಾತ್ರೆಯ ಜೊತೆ ಏನೋ ಸೇರಿ ವಿಷವಾಗಿರಬಹುದು ಎಂಬ ನನ್ನ ಇನ್ನೊಂದು ಅನುಮಾನವೂ ಅಲ್ಲಿಗೆ ತೀರಿತು. ಶಾಂತಗೊಳಿಸುವ ಲೊರಾಜೆಪಾಮ್ ಅನ್ನು ನಾನೇ ನಿಧಾನವಾಗಿ ನರಕ್ಕೆ ಕೊಡತೊಡಗಿದೆ. ಏನು ತಿಂದಿದ್ದಾನೋ ತಿಳಿಯದೆ ಅದಕ್ಕಿಂತ ಗಡುಸಾದ ಇಂಜೆಕ್ಷನ್ ಬೇಡ ಎಂದು ತಡೆದೆ.

ಅಲ್ಲೇ ಪರದೆಯ ಆಚೆಗೆ ಕೆಲಸ ಕೆಟ್ಟಿತು.

ಡ್ಯೂಟಿ ಡಾಕ್ಟರು ಕರಾವಳಿಯ ಕಡೆಯವರು. ಕೆಲಸಕ್ಕೆ ಸೇರಿ ಸ್ವಲ್ಪ ದಿನವಾಗಿತ್ತಷ್ಟೆ. ಒಳ್ಳೆಯ ಹುಡುಗ. ರೋಗಿಯ ತಾಯಿಯನ್ನು ಕೂರಿಸಿಕೊಂಡು ವಿಚಾರಿಸುತ್ತಿದ್ದರು.

“ಬೆಳಿಗ್ಗೆ ಏನು ತಿಂದಿದ್ದಾರೆ ಅಮ್ಮ?”

“ಏನೂ ಇಲ್ಲ ಬುದ್ಧಿ. ಅವ್ನೆಡ್ತಿ ಒಂದ್ಲೋಟ ಹಾಲು ಕೊಟ್ಲು, ಕುಡ್ಕಂಡು ಕೊಟ್ಗೆ ಕಡೀಕೋದ.”

“ಹಾಗಲ್ಲ. ಇವರ ಹೊಟ್ಟೆಗೆ ಯಾವುದೋ ಮದ್ದು ಹೋಗಿದೆ. ಯಾರು ಕೊಟ್ಟದ್ದು ಅಂತ ಗೊತ್ತುಂಟಾ?”

ನನ್ನ ಕೈಯಲ್ಲಿ ಸೂಜಿ ಇತ್ತು. ಬಿಟ್ಟು ಎದ್ದು ಬರುವ ಹಾಗಿರಲಿಲ್ಲ. “ಡಾಕ್ಟರ್, ಸುಮ್ಮನಿರಿ” ಎಂದು ಅಲ್ಲಿಂದಲೇ ಕೂಗಿದೆ. ಅಷ್ಟು ಹೊತ್ತಿಗೆ ತಾಯಿ ಎದ್ದು ನಿಂತಾಗಿತ್ತು.

ಕರಾವಳಿಯಲ್ಲಿ ಮದ್ದು ಎಂದರೆ ಔಷಧಿ. ಜ್ವರಕ್ಕೂ ಮದ್ದು, ಕೆಮ್ಮಿಗೂ ಮದ್ದು. ನಮ್ಮ ಸೀಮೆಯಲ್ಲಿ ಹೊಟ್ಟೆಗೆ ಮದ್ದು ಹೋಗಿದೆ ಎಂದರೆ ಒಂದೇ ಅರ್ಥ. ಯಾರೋ ಅನ್ನದಲ್ಲೋ ಹಾಲಿನಲ್ಲೋ ಮಾಟದ ಪುಡಿ ಬೆರೆಸಿ ಗುಟ್ಟಾಗಿ ತಿನ್ನಿಸಿದ್ದಾರೆ, ತಿಂದವನು ಹುಚ್ಚನಾಗಿ ಒಣಗಿ ಸಾಯುತ್ತಾನೆ. ಹಾಕುವವಳು ಯಾವಾಗಲೂ ಮನೆಯ ಹೆಂಗಸು. ನಾನು ಚಿಕ್ಕವಳಿದ್ದಾಗ ಗುಂಡ್ಲುಪೇಟೆಯ ನಮ್ಮ ಬೀದಿಯಲ್ಲಿ ಮದ್ದು ಹಾಕುವವಳು ಎಂಬ ಹೆಸರು ಹೊತ್ತ ಹೆಂಗಸೊಬ್ಬಳಿದ್ದಳು. ಅವಳ ಮನೆಯಲ್ಲಿ ಒಬ್ಬರೂ ನೀರು ಕುಡಿಯುತ್ತಿರಲಿಲ್ಲ. ಅವಳು ಸತ್ತಾಗ ಬಾಯಿಗೆ ಹಾಕಲೆಂದು ಹೆಣದ ಹತ್ತಿರ ಇಟ್ಟ ಅಕ್ಕಿಯನ್ನು ಕೂಡ ಯಾರೂ ಮುಟ್ಟಲಿಲ್ಲ.

“ಮದ್ದಾ?” ಎಂದಳು ತಾಯಿ. “ನಾನು ಆಗ್ಲೇ ಅಂದೆ. ಡಾಕ್ಟ್ರೇ ಏಳ್ತಾವ್ರೆ ಕೇಳ್ಲಾ. ಕೊಟ್ಗೇಲಿ ಮೊಳೆಗೆ ನೇತಾಕಿತ್ತು ಕಣ್ಲಾ ಇವ್ನ ಲಿಂಗ. ನಾನು ಓಗೋ ಒತ್ಗೆ ಇವ್ಳು ಅಲ್ಲಿಂದ ಈಚೆಗೆ ಬತ್ತಾ ಇದ್ಲು. ಮೊದ್ಲು ಲಿಂಗ ಬುಚ್ಚವ್ಳೆ, ಆಮ್ಯಾಕೆ ಮದ್ ಆಕವ್ಳೆ.”

ಅವನ ಹೆಂಡತಿ ವರಾಂಡದಲ್ಲಿ ಗಂಡನ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಅತ್ತೆ ಹೋಗಿ ಜುಟ್ಟಿಗೆ ಕೈ ಹಾಕಿ ಕೆಳಕ್ಕೆ ಎಳೆದಳು. ಮೈದುನ ಬೆಂಚಿನ ಮೇಲಿದ್ದ ಹೆಲ್ಮೆಟ್ ತೆಗೆದುಕೊಂಡ. ನಾನು ಪರದೆ ಸರಿಸಿ ಹೊರಗೆ ಬರುವಷ್ಟರಲ್ಲಿ ಎರಡನೆಯ ಏಟು ಬೀಳುತ್ತಿತ್ತು. ಅವಳು ತಲೆಗೆ ಅಡ್ಡ ಹಿಡಿದ ಬಲಗೈ ಮೇಲೆ ಬಿತ್ತು. ಮೂಳೆ ಮುರಿಯುವ ಸದ್ದು ದೊಡ್ಡದೇನಲ್ಲ, ಆದರೆ ಒಮ್ಮೆ ಕೇಳಿದವರು ಮರೆಯುವುದಿಲ್ಲ. ಕೈ ಮಣಿಕಟ್ಟಿನ ಮೇಲೆ ಸೊಟ್ಟಗಾಯಿತು. ಅಷ್ಟಾದರೂ ಮೈದುನ ಕಾಲಿನಿಂದ ಒದೆಯುತ್ತಿದ್ದ. ಅವನ ಹಣೆಯ ರಕ್ತ ಅವಳ ಸೀರೆಯ ಮೇಲೆ ತೊಟ್ಟಿಕ್ಕುತ್ತಿತ್ತು.

“ಎಲ್ಲಿಂದ ತಂದೆ ಏಳು. ಯಾರ್ ಕೊಟ್ರು ಏಳು.”

ನಾನು ಅವನ ಕೊರಳಪಟ್ಟಿ ಹಿಡಿದು ಹಿಂದಕ್ಕೆ ಎಳೆದೆ. ಡಾಕ್ಟರು ಹಾಗೆ ಮಾಡಬಾರದು, ಗೊತ್ತು. ಓಪಿಡಿಗೆ ಬಂದಿದ್ದ ಜನ ಗೋಡೆಗೆ ಒತ್ತಿಕೊಂಡು ನೋಡುತ್ತಿದ್ದರು. ಒಬ್ಬರೂ ಮುಂದೆ ಬರಲಿಲ್ಲ. ಮದ್ದು ಎಂಬ ಮಾತು ಅವರ ಕಿವಿಗೂ ಬಿದ್ದಿತ್ತು.

ಅವಳನ್ನು ಮೂಳೆ ವಿಭಾಗಕ್ಕೆ ಕಳಿಸಿದೆ. ಕೈಗೆ ಸಿಮೆಂಟು ಪಟ್ಟಿ ಹಾಕಿ ಹೆಂಗಸರ ವಾರ್ಡಿನಲ್ಲಿ ಮಲಗಿಸಿದರು. ನಿಯಮದ ಪ್ರಕಾರ ಪೊಲೀಸರಿಗೂ ತಿಳಿಸಿದೆವು. ಅವರು ಬಂದು ಕೇಳಿದರೆ ಅವಳು ಬಾಯಿ ಬಿಡಲಿಲ್ಲ. ಡ್ಯೂಟಿ ಡಾಕ್ಟರಿಗೆ ಮದ್ದಿನ ವಿಷಯ ಬಿಡಿಸಿ ಹೇಳಿದೆ. ಹುಡುಗನ ಮುಖ ಬಿಳಿಚಿಕೊಂಡಿತು. “ನಮ್ಮಲ್ಲಿ ಮದ್ದು ಅಂದ್ರೆ ಮದ್ದೇ ಅಲ್ವಾ ಮೇಡಂ,” ಎಂದರು. ಆಮೇಲೆ ತಾಯಿಯ ಹತ್ತಿರ ಹೋಗಿ, ನಾನು ಔಷಧಿ ಅಂತ ಹೇಳಿದ್ದು ಎಂದು ಬೇಡಿಕೊಂಡರು. ಆ ಮುದುಕಿ, “ನಿಮ್ಮುನ್ನೂವೆ ಹೆದ್ರುಸ್ಬುಟ್ಲಾ ಅವ್ಳು?” ಎಂದು ಕೇಳಿದಳಂತೆ.

ಮಧ್ಯಾಹ್ನ ಊಟದ ಹೊತ್ತಿಗೆ ರೋಗಿಯ ಅಮಲು ಇಳಿಯಿತು. ಕಟ್ಟು ಬಿಚ್ಚಿಸಿ, ನೀರು ಕುಡಿಸಿ, ಎಲ್ಲರನ್ನೂ ಆಚೆ ಕಳಿಸಿ ಪಕ್ಕದಲ್ಲಿ ಕೂತೆ. ಹೆಂಡತಿಗೆ ಏಟು ಬಿದ್ದ ಸಂಗತಿ ಅವನಿಗೆ ಆಗ ಗೊತ್ತಿರಲಿಲ್ಲ. ನನ್ನ ಕೈಯ ಪಟ್ಟಿ ನೋಡಿ, “ನಾನಾ?” ಎಂದ. ಹೂಂ ಎಂದೆ. ಅತ್ತುಬಿಟ್ಟ.

ಅಳು ನಿಂತ ಮೇಲೆ ಹೇಳಿದ. ಗುಂಡ್ಲುಪೇಟೆಯ ಆಚೆ ಕಾಡಂಚಿನಲ್ಲಿ ಒಂದು ತೋಟದ ಮನೆ. ಊರೂರುಗಳಿಂದ ಜನ ಕಾರಿನಲ್ಲಿ ಬಂದು ಉಳಿದುಕೊಳ್ಳುತ್ತಿದ್ದರು. ಆತ್ಮ ಚಿಕಿತ್ಸೆಯ ಶಿಬಿರ ಎಂದು ಹೆಸರು. ಇವನು ಅಲ್ಲಿಯ ಅಡುಗೆಮನೆಗೆ ಅರಿಶಿನ ಪುಡಿ ಕೊಡಲು ಹೋಗುತ್ತಿದ್ದ. ಶಿಬಿರ ನಡೆಸುವ ಮಾರ್ಗದರ್ಶಕ ಒಂದು ದಿನ ಇವನನ್ನು ತಡೆದು ನಿಲ್ಲಿಸಿ, ನಿಮ್ಮೊಳಗೆ ಭಾರ ಇದೆ ಎಂದನಂತೆ. ಖಿನ್ನತೆಯವನ ಮುಖ ನೋಡಿ ಅದನ್ನು ಹೇಳಲು ದಿವ್ಯದೃಷ್ಟಿಯೇನೂ ಬೇಡ. ಆದರೆ ಇವನಿಗೆ ಹಾಗೆ ಹೇಳಿದವನು ಅವನೊಬ್ಬನೇ. ನಾನು ಕೇಳುತ್ತಿದ್ದದ್ದು ನಿದ್ದೆ ಬರುತ್ತಾ, ಊಟ ಸೇರುತ್ತಾ ಎಂದು.

“ಏನಂದ ಅವನು?”

“ಮಿದುಳು ಹೊಲ ಇದ್ದಂಗೆ ಅಂದ್ರು ಮೇಡಂ. ವರ್ಸಾನುಗಟ್ಲೆ ಒಂದೇ ಕಡೆ ನಡ್ದೂ ನಡ್ದೂ ಗಟ್ಟಿಯಾಗ್ಬುಟ್ಟದೆ. ಇದು ನೇಗ್ಲು. ಉತ್ಬುಡ್ತದೆ. ಉತ್ತ ಮ್ಯಾಕೆ ಹೊಸ ಬೆಳೆ ಬತ್ತದೆ ಅಂದ್ರು.”

ನೇಗಿಲು ಎಂದರೆ ಜೇನಿನಲ್ಲಿ ಅದ್ದಿಟ್ಟ ಒಣ ಅಣಬೆ, ಭ್ರಮೆ ಹುಟ್ಟಿಸುವ ಜಾತಿಯದು. ಚಾಪೆಯ ಮೇಲೆ ಮಲಗಿಸಿ, ಕಣ್ಣಿಗೆ ಬಟ್ಟೆ ಕಟ್ಟಿ, ಸಂಗೀತ ಹಾಕಿ ತಿನ್ನಿಸುತ್ತಿದ್ದರಂತೆ. ಮೊದಲ ಸಲ ತಿಂದಾಗ ಇವನಿಗೆ ತೀರಿಹೋದ ಅಪ್ಪ ಕಂಡ, ಮಾತಾಡಿಸಿದ, ಮೈಯೆಲ್ಲ ಹಗುರವಾಯಿತು. ಹಲವು ವಾರ ಅದೇ ಹಗುರದಲ್ಲಿದ್ದ. ನನ್ನ ಮಾತ್ರೆ ಬಿಟ್ಟ. ಆಮೇಲೆ ಭಾರ ಮತ್ತೆ ಬಂತು. ಮನೆಯಲ್ಲಿ ನಾಲಿಗೆಗೆ ಸವರಿಕೊಳ್ಳಲು ಎಂದು ಅವರು ಕೊಟ್ಟಿದ್ದ ಬಾಟಲಿಯಿಂದ ಅವತ್ತು ಬೆಳಿಗ್ಗೆ ಕೊಟ್ಟಿಗೆಯಲ್ಲಿ ಕೂತು ಕೈತುಂಬ ಬಾಚಿಕೊಂಡು ತಿಂದ.

ಇದನ್ನು ನಾನು ಬರೀ ಮೋಸ ಎಂದು ತಳ್ಳಿಹಾಕುವುದಿಲ್ಲ. ಈ ಜಾತಿಯ ಅಣಬೆಯಲ್ಲಿರುವ ವಸ್ತುವನ್ನು ಖಿನ್ನತೆಗೆ ಬಳಸಬಹುದೇ ಎಂದು ಹೊರದೇಶಗಳಲ್ಲಿ ಗಂಭೀರವಾಗಿ ಪರೀಕ್ಷೆ ಮಾಡುತ್ತಿದ್ದಾರೆ. ಮಿದುಳಿಗೆ ತನ್ನ ಹಳೆಯ ದಾರಿ ಬಿಟ್ಟು ಹೊಸ ದಾರಿ ಹಿಡಿಯುವ ಗುಣವಿದೆ, ಈ ವಸ್ತು ಕೆಲವು ದಿನ ಆ ಗುಣವನ್ನು ಹೆಚ್ಚಿಸಬಹುದು ಎಂದು ನಾನೂ ಓದಿದ್ದೇನೆ. ಆದರೆ ಅಲ್ಲಿ ಅಳತೆಯಿದೆ, ಯಾರಿಗೆ ಕೊಡಬಾರದು ಎಂಬ ಎಚ್ಚರವಿದೆ, ಮೊದಲೂ ಆಮೇಲೂ ಪಕ್ಕದಲ್ಲಿ ಕೂರುವ ತಿಳಿದವರಿದ್ದಾರೆ. ಈ ಪುಣ್ಯಾತ್ಮ ಬಾಟಲಿಗೆ ತುಂಬಿ ಮನೆಗೆ ಕಳಿಸಿದ್ದ. ನಮ್ಮಲ್ಲಿ ಅದು ಕಾನೂನಿಗೂ ವಿರುದ್ಧ.

“ಯಾರ್ಗೂ ಏಳ್ಬೇಡಿ ಮೇಡಂ,” ಎಂದ. “ಅಣಬೆ ತಿಂದೆ ಅಂತ ಅವ್ವುಂಗೆ ಗೊತ್ತಾದ್ರೆ ನಾನು ಸತ್ತಂಗೇಯ.”

ಅದೂ ನಿಜವೇ. ಅವರ ಮನೆಯಲ್ಲಿ ಅಣಬೆ ಎಂದರೆ ಮಾಂಸಕ್ಕೆ ಸಮ. ಅಂಗಡಿಯಲ್ಲಿ ಪೊಟ್ಟಣ ಕಟ್ಟಿ ಮಾರುವ ಬಿಳಿ ಅಣಬೆಯನ್ನೂ ಒಳಗೆ ತರುವುದಿಲ್ಲ. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಹೆಂಡತಿಯ ಕೈ ಮುರಿದ ವಿಷಯ ಅಂದೇ ಅವನಿಗೆ ಹೇಳಿದರೆ ಮತ್ತೆ ಕೆರಳಬಹುದು ಎಂದು ನಾಳೆಗೆ ಇಟ್ಟುಕೊಂಡೆ.

ಮರುದಿನ ರೌಂಡ್ಸಿಗೆ ಹೋದಾಗ ತಾಯಿ ಮಂಚದ ತಲೆಯ ಕಡೆ, ತಮ್ಮ ಕಾಲ ಕಡೆ ಕೂತಿದ್ದರು. ತಾಯಿ ಮಗನ ಹಣೆ ನೇವರಿಸುತ್ತಾ ಮೆತ್ತಗೆ ಹೇಳುತ್ತಿದ್ದಳು. “ಹಾಲಲ್ಲಿ ಆಕವ್ಳೆ ಮಗ. ಹಾಲು ಕಹಿಯಾಗಿತ್ತಲ್ವಾ? ಗ್ಯಾಪ್ನ ಮಾಡ್ಕೊ.” ಅವನು ಸೂರು ನೋಡುತ್ತಾ ಮಲಗಿದ್ದ. ಹೆಂಡತಿಯ ಕೈ ಮುರಿದದ್ದೂ ಅವರ ಬಾಯಿಂದಲೇ ಅವನಿಗೆ ತಿಳಿದಾಗಿತ್ತು. ಹಾಗೆಲ್ಲ ಹೇಳಬೇಡಿ ಎಂದು ಗದರಿ ಬಂದೆ. ನನ್ನ ಬೆನ್ನು ತಿರುಗಿದ ಮೇಲೆ ಮತ್ತೆ ಅದೇ ನಡೆದಿರಬೇಕು.

ಅದರ ಮಾರನೆಯ ಬೆಳಿಗ್ಗೆ ಹೆಂಡತಿ ಸಿಮೆಂಟು ಕೈಯನ್ನು ಎದೆಗೆ ಆನಿಸಿಕೊಂಡು, ಎಡಗೈಯಲ್ಲಿ ಗಂಡನಿಗೆ ಕಾಫಿ ತೆಗೆದುಕೊಂಡು ಹೋದಳು. ನಾನು ಬಾಗಿಲಲ್ಲಿದ್ದೆ. ಅವನು ಲೋಟ ತೆಗೆದುಕೊಂಡ, ಮೂಸಿ ನೋಡಿದ, ಬಿಸಿ ಕಾಫಿಯನ್ನು ಹಾಗೇ ಅವಳ ಮುಖಕ್ಕೆ ಎರಚಿದ. ಲೋಟವೂ ಹಿಂದೆಯೇ ಹೋಗಿ ಹುಬ್ಬಿಗೆ ಬಡಿಯಿತು. ಮಂಚದಿಂದ ಹಾರಿ ಅವಳ ಕತ್ತು ಹಿಡಿದ. ವಾರ್ಡಿನ ನರ್ಸೂ ನಾನೂ ಸೇರಿ ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು. ಅವಳ ಕತ್ತಿನ ಮೇಲೆ ಹೆಬ್ಬೆರಳಿನ ಗುರುತು ನೀಲಿಯಾಗಿ ಎದ್ದಿತ್ತು.

ಅವನೊಬ್ಬನನ್ನೇ ಕರೆದು ಕೂರಿಸಿ ಮುಖಕ್ಕೆ ಮುಖ ಕೊಟ್ಟು ಕೇಳಿದೆ. “ಅಣಬೆ ತಿಂದೆ ಅಂತ ನೀವೇ ನನಗೆ ಹೇಳಿದಿರಿ.”

“ತಿಂದಿರ್ಬೈದು ಮೇಡಂ. ಆದ್ರೆ ಅದ್ರಿಂದ ಅಲ್ಲ. ಇವ್ಳು ಹಾಲ್ಗೆ ಪುಡಿ ಆಕಿದ್ದ ನಾನೇ ನೋಡ್ದೆ. ಕೆಂಪು ಪುಡಿ. ಬೆಳ್ಳಲ್ಲಿ ತಿರುವಿದ್ಲು.”

ಅವನು ಸುಳ್ಳು ಹೇಳುತ್ತಿರಲಿಲ್ಲ. ನಡೆಯದ್ದನ್ನು ಅವನು ನಿಜವಾಗಿಯೂ ಕಂಡಿದ್ದ, ಬಣ್ಣದ ಸಮೇತ. ಆ ಮಾರ್ಗದರ್ಶಕ ಹೇಳಿದ ಮಾತು ಪೂರ್ತಿ ಸುಳ್ಳಾಗಿರಲಿಲ್ಲ. ಹೊಲ ಉತ್ತಾಗಿತ್ತು. ಬಿತ್ತುವುದಕ್ಕೆ ತಲೆದೆಸೆಯಲ್ಲಿ ತಾಯಿ ಕೂತಿದ್ದಳು. ಪುಸ್ತಕದಲ್ಲಿ ಇದಕ್ಕೆ ಬೇರೆ ಹೆಸರುಗಳಿವೆ, ಬೇರೆ ಕಾರಣಗಳೂ ಇರಬಹುದು. ನನಗೆ ಕಂಡದ್ದು ಇಷ್ಟೇ. ಹೀಗೇ ಇನ್ನು ಸ್ವಲ್ಪ ದಿನ ಬಿಟ್ಟರೆ ಅದು ಬೇರು ಬಿಡುತ್ತದೆ, ಅವಳು ಆ ಮನೆಯಲ್ಲಿ ಜೀವಸಹಿತ ಉಳಿಯುವುದಿಲ್ಲ.

ತಾಯಿ ತಮ್ಮ ಇಬ್ಬರನ್ನೂ ವಾರ್ಡಿನಿಂದ ಹೊರಗೆ ಹಾಕಿದೆ. ತಮ್ಮ ಬಾಗಿಲು ಒದ್ದ. “ಡಿಸ್ಚಾರ್ಜ್ ಮಾಡಿ. ಪುಣಜನೂರು ಕಡೆ ಒಬ್ರವ್ರೆ. ಹೊಟ್ಟೆಯಿಂದ ಮದ್ದು ಕಕ್ಕುಸ್ತಾರೆ. ಆಕ್ದೋರು ಯಾರು ಅಂತ್ಲೂ ಏಳ್ತಾರೆ. ಕರ್ಕಂಡೋಯ್ತೀವಿ. ಅವ್ಳ್ನೂವೆ.”

ಅವಳನ್ನೂ ಎಂದರೆ ಏನೆಂದು ನನಗೆ ಗೊತ್ತಿತ್ತು. ಅಂಥ ಕಡೆ ಹೆಸರು ಹೇಳಿದ ಮೇಲೆ ಹೇಳಿದ ಹೆಸರಿನವಳಿಗೆ ಉಳಿಗಾಲವಿಲ್ಲ.

ಹೆಂಗಸರ ವಾರ್ಡಿಗೆ ಹೋದೆ. ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡು ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಕೆನ್ನೆಯ ಮೇಲೆ ಕಾಫಿ ಸುಟ್ಟಲ್ಲಿ ಬೊಬ್ಬೆ ಎದ್ದಿತ್ತು. ನಾನು ಕೇಳುವ ಮೊದಲೇ ಅವಳೇ ಕೇಳಿದಳು.

“ಅಣಬೆ ತಿಂದವ್ರೆ ಅಂತ ನಿಮ್ಗೆ ಏಳುದ್ರಾ ಡಾಕ್ಟ್ರೆ?”

ನಾನು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತೆ. ಅದೇ ಅವಳಿಗೆ ಉತ್ತರವಾಯಿತು.

“ಬಾಟ್ಲಿ ನಾನು ನೋಡಿದ್ದೆ. ಅವತ್ತೂ ಕೊಟ್ಗೇಲಿ ಬಿದ್ದಿತ್ತು. ಅವ್ರವ್ವ ನೋಡ್ಬುಟ್ರೆ ಅಂತ ಎತ್ಕಂಡೋಗಿ ತಿಪ್ಪೇಲಿ ಹೂತಾಕ್ದೆ. ಅವ್ರ ಲಿಂಗ ಮೊಳೇಲಿತ್ತು. ಅದ ನಾನು ಮುಟ್ಟಂಗಿಲ್ಲ ಅಂತ ಅಲ್ಲೇ ಬುಟ್ಟೆ.”

“ಪೊಲೀಸರು ಬಂದಾಗ ಯಾಕೆ ಹೇಳಲಿಲ್ಲ?”

“ಏಳಿದ್ರೆ ನೀನೇ ತಿನ್ಸಿದ್ದು ಅಂತಾರೆ. ನಮ್ಮವ್ವನ ಮನೆ ಕಡೆ ಮಾಂಸ ಮಡ್ಡಿ ಇಲ್ದಿದ್ರೂ ಅಣಬೆ ತಿಂತೀವಿ. ಮದ್ವೆಯಾದಾಗ್ಲಿಂದ ಅದ್ನೇ ಆಡ್ಕತಾವ್ರೆ. ಮದ್ದು ಹಾಕ್ದೋಳು ಅನ್ನುಸ್ಕಂಡ್ರೂ ಅಷ್ಟೆ, ಅಣಬೆ ಹಾಕ್ದೋಳು ಅನ್ನುಸ್ಕಂಡ್ರೂ ಅಷ್ಟೆ.”

ವಾರ್ಡಿನ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತೆ. ರೋಗಿಯ ಗುಟ್ಟು ಕಾಯುವುದು ನನ್ನ ಕೆಲಸದ ಬುಡ. ಇನ್ನೊಬ್ಬರ ಜೀವಕ್ಕೆ ಅಪಾಯವಿದ್ದರೆ ಅದನ್ನು ಮುರಿಯಬಹುದು ಎಂದು ಕಾನೂನೇ ಹೇಳುತ್ತದೆ. ಕಾನೂನು ಸರಿ. ನನ್ನ ಮಾತು ನಂಬಿ ಹೇಳಿದವನು ಮುಂದೆ ನನ್ನ ಬಾಗಿಲಿಗೆ ಬರದೇ ಹೋದರೆ, ಹಗ್ಗ ಹುಡುಕಿಕೊಂಡರೆ, ಅದರ ಹೊಣೆಯೂ ನನ್ನದೇ. ಸಿಟ್ಟು ಬಂತು, ಅವನ ಮೇಲೆ, ಆ ಮುದುಕಿಯ ಮೇಲೆ, ಕಾಡಂಚಿನಲ್ಲಿ ಕೂತು ಜೇನು ಹಂಚುವವನ ಮೇಲೆ. ಹೇಳಿಯೇಬಿಡುವುದು ಎಂದು ತೀರ್ಮಾನಿಸಿದೆ. ಆದರೆ ಮೊದಲು ಅವನ ಬಾಯಿಂದಲೇ ಬರುವುದಕ್ಕೆ ಒಂದು ದಾರಿ ಕೊಡಬೇಕು ಅನ್ನಿಸಿತು.

ದಾರಿ ಯೋಚಿಸಲು ಪುರುಸೊತ್ತು ಸಿಗಲಿಲ್ಲ. ಅಂದು ಮಧ್ಯಾಹ್ನ ಸುದ್ದಿ ಕೇಳಿ ಹೆಂಡತಿಯ ಅಣ್ಣಂದಿರು ಗೂಡ್ಸ್ ಆಟೋದಲ್ಲಿ ಬಂದಿಳಿದರು. ಒಬ್ಬನ ಕೈಯಲ್ಲಿ ದೊಣ್ಣೆ, ಇನ್ನೊಬ್ಬನ ಕೈಯಲ್ಲಿ ಕಬ್ಬು ಕಡಿಯುವ ಮಚ್ಚು. ವರಾಂಡದಲ್ಲೇ ರೋಗಿಯ ತಮ್ಮ ಸಿಕ್ಕಿದ. ದೊಣ್ಣೆಯ ಮೊದಲ ಏಟಿಗೇ ಅವನ ಹಣೆಯ ಹೊಲಿಗೆ ಬಿಚ್ಚಿತು. ಅವನು ಬೆಂಚನ್ನೇ ಎತ್ತಿ ಎಸೆದ. ಡ್ಯೂಟಿ ಡಾಕ್ಟರು, ನಮ್ಮ ಕರಾವಳಿಯ ಹುಡುಗ, ಮಚ್ಚಿನವನನ್ನು ಹಿಂದಿನಿಂದ ತಬ್ಬಿ ಹಿಡಿದರು. ಹಿಡಿದವರನ್ನೂ ಎಳೆದುಕೊಂಡೇ ಅವನು ಗುಂಪಿನೊಳಗೆ ನುಗ್ಗಿದ. ಕೊನೆಗೆ ಮಚ್ಚು ಕೈತಪ್ಪಿ ನೆಲದ ಮೇಲೆ ಜಾರಿ ನನ್ನ ಕಾಲಿನ ಹತ್ತಿರ ಬಂತು. ಅದರ ಮೇಲೆ ಕಾಲಿಟ್ಟು ನಿಂತೆ. ಗಂಟಲು ಹರಿಯುವ ಹಾಗೆ ಕೂಗಿದೆ.

“ಮದ್ದು ಹಾಕಿದವರು ಯಾರು ಅಂತ ತಾನೇ ಗೊತ್ತಾಗಬೇಕು ನಿಮಗೆ? ನನಗೆ ಗೊತ್ತು. ಬನ್ನಿ ಒಳಗೆ.”

ಮದ್ದು ಎಂಬ ಮಾತಿಗೆ ಎಲ್ಲರೂ ನಿಂತರು. ಆ ಮಾತು ಮೊದಲ ಸಲ ನನ್ನ ಉಪಯೋಗಕ್ಕೆ ಬಂತು.

ಪೊಲೀಸ್ ಒಬ್ಬರು ಬಂದು ಬಾಗಿಲಲ್ಲಿ ನಿಂತ ಮೇಲೆ ಎಲ್ಲರನ್ನೂ ನನ್ನ ಕೋಣೆಗೆ ಕರೆದೆ. ಗೋಡೆಯ ಈ ಕಡೆ ಅಣ್ಣಂದಿರು, ಆ ಕಡೆ ತಾಯಿ ಮತ್ತು ತಮ್ಮ, ನಡುವೆ ಗಂಡ ಹೆಂಡತಿ. ತಮ್ಮನ ಹಣೆಯಿಂದ ಮತ್ತೆ ರಕ್ತ ಇಳಿದು ನನ್ನ ಮೇಜಿನ ಮೇಲೆ ಬೀಳುತ್ತಿತ್ತು.

ನಾನು ರೋಗಿಯನ್ನೇ ನೋಡಿ ಕೇಳಿದೆ. “ಹಾಲಿನ ವಿಷಯ ಬಿಡಿ. ಅವತ್ತು ನಿಮ್ಮ ಕೊರಳಿನಲ್ಲಿ ಲಿಂಗ ಇರಲಿಲ್ಲ. ಯಾರು ತೆಗೆದರು?”

“ಇವ್ಳೇಯ,” ಎಂದಳು ತಾಯಿ. “ಅವ್ನು ಮಲಗಿರೋವಾಗ ಬುಚ್ಚವ್ಳೆ.”

“ನಿಮ್ಮನ್ನಲ್ಲ ನಾನು ಕೇಳಿದ್ದು. ಹುಟ್ಟಿದಾಗಿನಿಂದ ಕೊರಳಿನಲ್ಲಿದ್ದದ್ದು. ಬಿಚ್ಚಿದರೆ ಎಚ್ಚರ ಆಗುವುದಿಲ್ಲವೇ? ನೆನಪು ಮಾಡಿಕೊಳ್ಳಿ. ಕೊಟ್ಟಿಗೆ. ಮೊಳೆ. ದಾರ ಯಾರ ಕೈಯಲ್ಲಿತ್ತು?”

ಅವನ ಕೈ ಕೊರಳಿಗೆ ಹೋಯಿತು. ದಾರ ಇದ್ದ ಜಾಗವನ್ನು ಬೆರಳಲ್ಲಿ ಹುಡುಕಿತು. ಆಮೇಲೆ ತಲೆಯ ಮೇಲಿನಿಂದ ಏನನ್ನೋ ತೆಗೆಯುವವನ ಹಾಗೆ ಎರಡೂ ಕೈ ನಿಧಾನವಾಗಿ ಮೇಲಕ್ಕೆ ಎದ್ದವು. ಅಲ್ಲೇ ನಿಂತವು. ನಾನು ಹೇಳಬೇಕಾದ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು, ತಡೆದುಕೊಂಡೆ.

“ನಾನೇ ಬುಚ್ಚಿದ್ದು,” ಎಂದ.

“ಏನ್ಲಾ ಅಂತಿದ್ದೀಯೆ?”

“ನಾನೇ ಕಣವ್ವ ಬುಚ್ಚಿದ್ದು. ಮೈಮ್ಯಾಲಿಟ್ಕಂಡು ತಿನ್ಬಾರ್ದು ಅಂತ ಮೊಳೆಗಾಕ್ದೆ.”

“ಏನ ತಿನ್ನಕೆ?”

“ಅಣಬೆ.”

ತಾಯಿ ಮೆಲ್ಲಗೆ ಬಗ್ಗಿ ಕಾಲಿನ ಚಪ್ಪಲಿ ತೆಗೆದುಕೊಂಡಳು. ಮಗನ ಮುಖಕ್ಕೆ ಹೊಡೆದಳು. ಮತ್ತೆ ಹೊಡೆದಳು. “ಅಣಬೆ ತಿಂದ್ಯಾ? ನನ್ನೊಟ್ಟೇಲಿ ಹುಟ್ಟಿ ಅಣಬೆ ತಿಂದ್ಯಾ?” ತುಟಿ ಒಡೆದು ರಕ್ತ ಬಂತು, ಅವನು ಕೈ ಅಡ್ಡ ಹಿಡಿಯಲಿಲ್ಲ. ಪೊಲೀಸಿನವರೇ ಅವಳನ್ನು ಹಿಡಿದು ಕೂರಿಸಬೇಕಾಯಿತು. ಸೊಸೆಯನ್ನು ಎಳೆದಾಗಲೂ ಆ ಮುದುಕಿಯ ಕೈಯಲ್ಲಿ ಅಷ್ಟು ಕಸುವು ಇರಲಿಲ್ಲ. ತಪ್ಪಾಯಿತು ಎಂದು ಸೊಸೆಗೆ ಹೇಳುವುದು ಆ ಮನೆಯವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಆಮೇಲೂ ಹೊಳೆದಂತಿಲ್ಲ.

ಅವಳು ಆ ದಿನವೇ ಮೈದುನನ ಮೇಲೆ ದೂರು ಬರೆಸಿದಳು. ಎಡಗೈಯಲ್ಲೇ ರುಜು ಹಾಕಿದಳು. ತೋಟದ ಮನೆಯ ವಿಷಯವನ್ನು ನಾನೂ ಪೊಲೀಸರಿಗೆ ಹೇಳಿದೆ. ಅವರು ಹೋಗುವ ಹೊತ್ತಿಗೆ ಗೇಟಿಗೆ ಬೀಗ ಬಿದ್ದಿತ್ತು. ಚಾಪೆಗಳು ಜಗಲಿಯ ಮೇಲೆ ಹಾಗೇ ಇದ್ದವಂತೆ.

ಮಾತ್ರೆ ಮತ್ತೆ ಶುರು ಮಾಡಿದೆ. ವಾರ್ಡಿನಲ್ಲಿ ಅವನ ಹತ್ತಿರ ಯಾರು ಕೂರಬೇಕು, ಏನು ಮಾತಾಡಬೇಕು ಎಂದು ಕಟ್ಟುನಿಟ್ಟು ಮಾಡಿದೆ. ಕೆಂಪು ಪುಡಿಯ ಕಥೆ ನಿಧಾನವಾಗಿ ಮಂಕಾಯಿತು. ಊರಿನಲ್ಲಿ ಗಂಡ ಹೆಂಡತಿ ಬೇರೆ ಒಲೆ ಹೂಡಿಕೊಂಡರು. ಸಿಮೆಂಟು ಪಟ್ಟಿ ಬಿಚ್ಚಿದ ಮೇಲೆ ಇಬ್ಬರೂ ಒಟ್ಟಿಗೆ ನನ್ನ ಓಪಿಡಿಗೆ ಬಂದರು. ಅವನು ಮೊದಲಿನ ಹಾಗೆ ಕುರ್ಚಿಯ ತುದಿಯಲ್ಲಿ ಕೂತ.

“ಎಲ್ಲ ಗೊತ್ತು ಮೇಡಂ. ತಿಂದೋನು ನಾನೇ, ಇವ್ಳದ್ದೇನೂ ಇಲ್ಲ. ಆದ್ರೂ ಇವ್ಳು ಬಡ್ಸಿದ್ದು ಗಂಟ್ಲಲ್ಲಿ ಇಳಿಯಕಿಲ್ಲ. ತುತ್ತು ಎತ್ತುದ್ರೆ ಕೈ ನಡುಗ್ತದೆ. ಹೋಟ್ಲಲ್ಲಿ ತಿಂತಿವ್ನಿ.”

ಇದಕ್ಕೆ ಚಿಕಿತ್ಸೆ ಇದೆ. ಹೆದರಿಕೆಯಾಗುವುದನ್ನೇ ದಿನಾ ಸ್ವಲ್ಪ ಸ್ವಲ್ಪ ಎದುರಿಸುವುದು. ಮಿದುಳು ತಪ್ಪು ಕಲಿತ ಹಾಗೆಯೇ ಸರಿಯನ್ನೂ ಕಲಿಯುತ್ತದೆ. ನಾನು ಉತ್ಸಾಹದಿಂದ ವಿವರಿಸಿದೆ. ಮೊದಲ ವಾರ ಅವಳು ಕೊಟ್ಟ ನೀರು, ಆಮೇಲೆ ಅವಳೇ ಮೊದಲು ತಿಂದು ತೋರಿಸಿ ಕೊಡುವ ಒಂದು ತುತ್ತು, ಆಮೇಲೆ ಎರಡು.

ಅವಳು ತನ್ನ ಬಲಗೈಯನ್ನು ನನ್ನ ಮೇಜಿನ ಮೇಲೆ ಇಟ್ಟಳು. ಮಣಿಕಟ್ಟು ಸ್ವಲ್ಪ ಸೊಟ್ಟಗೇ ಕೂಡಿಕೊಂಡಿತ್ತು.

“ಇವ್ರ ಮಿದುಳು ಸರಿ ಮಾಡಕೂ ನನ್ನ ಕೈನೇ ಬೇಕಾ ಡಾಕ್ಟ್ರೆ? ಒಂದ್ ಬಟ್ಟೆ ಹಿಂಡಕಾಗಲ್ಲ ಇದ್ರಲ್ಲಿ. ನಾನ್ಯಾಕೆ ತಿಂದು ತೋರಿಸ್ಬೇಕು?”

ಚೀಟಿ ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟೆ.

“ಇವ್ರು ಮಾಡಿ ಬಡಿಸ್ಲಿ. ನಾನು ತಿಂತೀನಿ,” ಎಂದಳು. “ನನ್ಗೇನೂ ಕೈ ನಡುಗಕಿಲ್ಲ.”

ಅವನು ತಲೆ ಎತ್ತಿ ಅವಳನ್ನು ನೋಡಿದ. ಆ ಕೈಯನ್ನೂ ನೋಡಿದ. ನಾನು ಚೀಟಿಯಲ್ಲಿ ಬರೆದದ್ದನ್ನು ಹೊಡೆದುಹಾಕಿ, ದಿನಕ್ಕೊಂದು ಹೊತ್ತು ಗಂಡ ಅಡುಗೆ ಮಾಡಿ ಹೆಂಡತಿಗೆ ಬಡಿಸುವುದು ಎಂದು ಬರೆದೆ. ಅವನು ಚೀಟಿ ತೆಗೆದುಕೊಂಡು ಓದಿದ.

“ಏನ್ ಮಾಡ್ಲಿ?” ಎಂದು ಅವಳನ್ನು ಕೇಳಿದ.

ಅವಳು ಆಗಲೇ ಬಾಗಿಲ ಹತ್ತಿರ ಹೋಗಿದ್ದಳು.

“ಅಣಬೆ ಒಂದು ಬುಟ್ಟು ಏನಾದ್ರೂ ಮಾಡಿ,” ಎಂದಳು.